ಅಪ್ಪೆಮಿಡಿ ಉಪ್ಪಿನಕಾಯಿಯ ವ್ಯಾಪಾರಕ್ಕೆ ಜಾಹೀರಾತು ಬೇಕೇ, ಪರಿಚಯದವರೇ ಸಾಕೇ? ಅನುಭವವುಳ್ಳವರು ತಿಳಿಸಿ

ಭರಣಿಮನೆ (ಕೇಳಿದವರು):
ನಾನು ಮತ್ತು ನನ್ನ ಓರಗಿತ್ತಿ ಶಿರಸಿಯ ಸಮೀಪದ ನಮ್ಮ ಮನೆಯಲ್ಲಿ ಎರಡು ವರ್ಷಗಳಿಂದ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕಿ ಮಾರುತ್ತಿದ್ದೇವೆ. ಕೊಳ್ಳುವವರು ಸುಮಾರು 140 ಮನೆಯವರು. ಬಹುಪಾಲು ಬೆಂಗಳೂರಿನಲ್ಲಿರುವ ನೆಂಟರು ಮತ್ತು ಆ ನೆಂಟರ ನೆರೆಹೊರೆಯವರು. ಈ ವರ್ಷ ಕೈಯಲ್ಲಿ 40,000 ರೂಪಾಯಿ ಉಳಿದಿದೆ. ಅದನ್ನು ಫೇಸ್‌ಬುಕ್ ಜಾಹೀರಾತಿಗೆ ಹಾಕಬೇಕೋ, ಇರುವ ಮನೆಗಳೊಂದಿಗಿನ ಸಂಬಂಧವನ್ನೇ ಗಟ್ಟಿ ಮಾಡಿಕೊಂಡು ಅವರ ಮೂಲಕ ಬೆಳೆಯಬೇಕೋ ತಿಳಿಯದಾಗಿದೆ. ನಮ್ಮ ಉಪ್ಪಿನಕಾಯಿಯನ್ನು ನಿಜವಾಗಿ ಯಾರು, ಏಕೆ ಕೊಳ್ಳುತ್ತಾರೆ ಎಂಬುದನ್ನು ಅರಿಯುವುದು ಹೇಗೆ?

ಕಡಲೆಕಾಯಿ ಗಾಣ:
ಜಾಹೀರಾತಿಗೆ ಸುರಿದ ಹಣದ ಲೆಕ್ಕ ನನಗೆ ಇಂದಿಗೂ ಬಾಯಿಪಾಠವಾಗಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. 2019ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ 72,400 ರೂಪಾಯಿ, ಅದರ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 13,032, ಒಟ್ಟು 85,432 ರೂಪಾಯಿ ಹೋಯಿತು. ಬಂದ ಆರ್ಡರುಗಳು 311. ಅಂದರೆ ಒಬ್ಬ ಗಿರಾಕಿಯನ್ನು ಕರೆತರಲು ಸುಮಾರು 275 ರೂಪಾಯಿ ಖರ್ಚಾಯಿತು. ಆಗ ನಾನು ಒಂದು ಲೀಟರ್ ಎಣ್ಣೆಯನ್ನು ಮಾರುತ್ತಿದ್ದದ್ದೇ 260ಕ್ಕೆ. ಅವರಲ್ಲಿ ಎರಡನೆಯ ಸಲ ಕೊಂಡವರು 19 ಮಂದಿ ಮಾತ್ರ.

2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಕೆಳಗೆ ಭಾನುವಾರಗಳಂದು ಮೇಜು ಹಾಕಿ ಕುಳಿತೆ. ನನ್ನ ಗಿರಾಕಿಗಳೆಂದರೆ ವ್ಯಾಯಾಮ ಮಾಡುವ ಮೂವತ್ತರ ಹರೆಯದವರು ಎಂದು ನಾನು ನಂಬಿದ್ದೆ. ಅವರು ಬಂದು, ಕೊಲೆಸ್ಟರಾಲಿನ ಬಗ್ಗೆ ಅರ್ಧ ಗಂಟೆ ಪ್ರಶ್ನೆ ಕೇಳಿ, ಏನನ್ನೂ ಕೊಳ್ಳದೆ ಹೋಗುತ್ತಿದ್ದರು. ಕೊಂಡವರು ಅರವತ್ತು ದಾಟಿದ ಹೆಂಗಸರು. ಅವರು ಒಂದು ಹನಿಯನ್ನು ಅಂಗೈಗೆ ಹಾಕಿಕೊಂಡು ಉಜ್ಜಿ ಮೂಸಿ ನೋಡಿ, ತಮ್ಮ ತವರೂರಿನ ಗಾಣದ ಕಥೆ ಹೇಳಿ, ಎರಡು ಲೀಟರ್ ತೆಗೆದುಕೊಂಡು ಹೋಗುತ್ತಿದ್ದರು. ವಿಜಯಪುರ, ಕಲಬುರಗಿ ಕಡೆಯವರು ಕುಸುಬೆ ಎಣ್ಣೆ ಇಲ್ಲವೇ ಎಂದರು, ಮಂಗಳೂರಿನವರು ಅಡುಗೆಗೆ ಕೊಬ್ಬರಿ ಎಣ್ಣೆ ಕೇಳಿದರು, ಒಬ್ಬ ಅಜ್ಜಿ ಹುಚ್ಚೆಳ್ಳು ಎಣ್ಣೆಗಾಗಿ ಮೂರು ಭಾನುವಾರ ಬಂದರು. ನನ್ನ ಬಳಿ ಇದ್ದದ್ದು ಕಡಲೆಕಾಯಿ ಎಣ್ಣೆ ಒಂದೇ. ಅಂದಿನಿಂದ ಒಂದು ಪುಸ್ತಕ ಇಟ್ಟಿದ್ದೇನೆ: ಯಾವ ಊರಿನವರು, ಮನೆಯಲ್ಲಿ ಎಷ್ಟು ಜನ, ಯಾವ ಎಣ್ಣೆ, ಎಂದು ಮುಗಿಯುತ್ತದೆ. ನಾಲ್ಕು ಜನರ ಮನೆಯಲ್ಲಿ ಒಂದು ಲೀಟರ್ ಹನ್ನೆರಡು ದಿನ ಬರುತ್ತದೆ. ಹತ್ತನೆಯ ದಿನ ನಾನೇ ಫೋನು ಮಾಡುತ್ತೇನೆ. ಇಂದು 420 ಮನೆಗಳಿವೆ, ಜಾಹೀರಾತಿನ ಖರ್ಚು ಸೊನ್ನೆ.

ನಷ್ಟವೇ ಆಗಲಿಲ್ಲ ಎಂದಲ್ಲ. ಒಮ್ಮೆ ಬಸ್ಸಿನ ಪಾರ್ಸೆಲಿನಲ್ಲಿ ಐದು ಲೀಟರಿನ ಕ್ಯಾನುಗಳ ಮುಚ್ಚಳ ಸಡಿಲಗೊಂಡು 34 ಲೀಟರ್ ಎಣ್ಣೆ ಯಾರದೋ ಬಟ್ಟೆಯ ಗಂಟಿನ ಮೇಲೆ ಹರಿದು, ಅವರಿಗೆ 9,600 ರೂಪಾಯಿ ಕಟ್ಟಿಕೊಡಬೇಕಾಯಿತು. ತಳದಲ್ಲಿ ನಿಂತ ಮಡ್ಡಿಯನ್ನು ಕಲಬೆರಕೆ ಎಂದು ತಿಳಿದು ಹಿಂತಿರುಗಿಸಿದವರೂ ಇದ್ದಾರೆ.

ಇಳಕಲ್ ಸೆರಗು:
ಮೇಲಿನವರು ಮಾರುವುದು ಎಣ್ಣೆ. ಅದು ಹನ್ನೆರಡು ದಿನಕ್ಕೆ ಮುಗಿಯುತ್ತದೆ. ನಾನು ಮಾರುವ ಸೀರೆ ಹನ್ನೆರಡು ವರ್ಷವಾದರೂ ಮುಗಿಯುವುದಿಲ್ಲ, ಆದ್ದರಿಂದ ಹತ್ತನೆಯ ದಿನದ ಫೋನಿನ ಉಪದೇಶ ನನಗೆ ಯಾವ ಪ್ರಯೋಜನಕ್ಕೂ ಬಾರದು.

ನಾನು 2018ರಿಂದ ವಾಟ್ಸ್‌ಆ್ಯಪ್ ಮೂಲಕ ಕೈಮಗ್ಗದ ಸೀರೆ ಮಾರುತ್ತಿದ್ದೇನೆ. ಅಲ್ಲಿ ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಒಂದು ಪ್ರಸಾರ ಪಟ್ಟಿಗೆ (ಬ್ರಾಡ್‌ಕಾಸ್ಟ್ ಲಿಸ್ಟ್) 256 ಜನರಷ್ಟೇ ಹಿಡಿಯುತ್ತಾರೆ, ಅದರಲ್ಲಿಯೂ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ನನ್ನ ಐದು ಪಟ್ಟಿಗಳಲ್ಲಿ 1,180 ಹೆಸರುಗಳಿದ್ದವು; ಒಂದು ನಾಗರಪಂಚಮಿಯ ಮುಂಚೆ, ತವರಿನವರು ಹೆಣ್ಣುಮಕ್ಕಳಿಗೆ ಸೀರೆ ಕೊಳ್ಳುವ ಕಾಲದಲ್ಲಿ, ನೀಲಿ ಗುರುತುಗಳನ್ನು ಎಣಿಸಿ ನೋಡಿದರೆ 390 ಜನರು ಮಾತ್ರ ಚಿತ್ರಗಳನ್ನು ತೆರೆದು ನೋಡಿದ್ದರು. ಸಾವಿರ ಜನರ ಬಂಧುತ್ವ ನನಗಿದೆ ಎಂದು ಬೀಗುತ್ತಿದ್ದ ನನಗೆ ಅಂದು ನನ್ನ ಮೇಲೆಯೇ ನಾಚಿಕೆಯಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಉದ್ರಿಯದು. ಇಳಕಲ್ ಸೀರೆಯ ಒಡಲಿನ ಹಾಸುನೂಲಿಗೆ (ಮಗ್ಗದ ಉದ್ದಕ್ಕೆ ಹಾಸುವ ನೂಲು) ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಎಳೆ ಎಳೆಯಾಗಿ ಜೋಡಿಸಬೇಕು. ಆ ಕೆಲಸ ಮಾಡಿದವರಿಗೆ ವಾರದ ಕೂಲಿ ವಾರಕ್ಕೇ ಸಲ್ಲಬೇಕು. ನನ್ನ ಗಿರಾಕಿಗಳಾದರೋ ‘ಅಕ್ಕಾ, ನಾವೇನು ಹೊರಗಿನವರೇ, ಮುಂದಿನ ತಿಂಗಳು ಕೊಡುತ್ತೇವೆ’ ಎನ್ನುತ್ತಾರೆ. 2023ರ ಕೊನೆಗೆ 43 ಸೀರೆಗಳ 1,86,500 ರೂಪಾಯಿ ಹೊರಗೆ ನಿಂತಿತ್ತು, ಇಂದಿಗೂ 1,12,000 ನಿಂತೇ ಇದೆ. 14,200 ಬಾಕಿ ಇಟ್ಟುಕೊಂಡ ಒಬ್ಬರ ಗೃಹಪ್ರವೇಶಕ್ಕೆ ಹೋಗಿ, ಬಾಕಿಯ ಮಾತೆತ್ತಲಾಗದೆ, 1,001 ರೂಪಾಯಿ ಮುಯ್ಯಿ ಮಾಡಿ ಊಟ ಮಾಡಿ ಬಂದೆ. ಇನ್ನೊಬ್ಬ ಆಪ್ತ ಗಿರಾಕಿ, ‘ನೇಯುವುದನ್ನು ಕಣ್ಣಾರೆ ನೋಡಬೇಕು’ ಎಂದು ನಮ್ಮೂರಿಗೆ ಬಂದು ನನ್ನ ಮನೆಯಲ್ಲಿಯೇ ಎರಡು ದಿನ ಉಳಿದು, ನೇಕಾರರ ನಂಬರು ಪಡೆದು, ಮರುತಿಂಗಳು ತಾವೇ ಮಾರಾಟ ಆರಂಭಿಸಿದರು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಈಗ ನಾನು ಜಾಹೀರಾತು ಕೊಡುತ್ತೇನೆ. ಅಪರಿಚಿತರು ಮೊದಲು ಹಣ ಹಾಕುತ್ತಾರೆ, ಆಮೇಲೆ ಸೀರೆ ಹೋಗುತ್ತದೆ. ಫೋಟೋದ ಬಣ್ಣವೇ ಬೇರೆ ಎಂದು ಕಳೆದ ವರ್ಷ 27 ಸೀರೆಗಳು ಹಿಂತಿರುಗಿದವು, ಹಾಗಿದ್ದರೂ ಸೀರೆಯಾದರೂ ಕೈಗೆ ಬಂತು.

ಕಡಲೆಕಾಯಿ ಗಾಣ:
ಉದ್ರಿ ಕೊಟ್ಟವರು ನೀವು, ಅದಕ್ಕೆ ಸಂಬಂಧವನ್ನು ದೂರುವುದು ನ್ಯಾಯವಲ್ಲ. ನನ್ನ 420 ಮನೆಗಳಲ್ಲಿ ಒಂದಕ್ಕೂ ಉದ್ರಿ ಇಲ್ಲ. ಇನ್ನೊಂದು ಮಾತು: ಇಳಕಲ್ ಎಂಬ ಹೆಸರಿನಲ್ಲಿ ಪವರ್‌ಲೂಮಿನ ಸೀರೆಗಳನ್ನು ಮಾರುವವರು ಎಷ್ಟೋ ಜನರಿರುವಾಗ ಅಪರಿಚಿತರು ಬಣ್ಣ ಬೇರೆ ಎಂದು ಹಿಂತಿರುಗಿಸುವುದು ಬಣ್ಣಕ್ಕಾಗಿ ಮಾತ್ರವೇ ಎಂಬುದನ್ನು ತಾವು ವಿಚಾರಿಸಿದ್ದೀರಾ?

ಇಳಕಲ್ ಸೆರಗು:
ನನ್ನ ಪ್ರತಿಯೊಂದು ಸೀರೆಯ ಹಿಂಬದಿಯಲ್ಲಿ ಕೊಂಡಿಯ ಸಾಲು ಕಾಣುತ್ತದೆ, ಕಣ್ಣಿದ್ದವರು ನೋಡಬಹುದು. ತಮ್ಮ ಬಾಟಲಿಯ ಮೇಲಿನ ಚೀಟಿಯಲ್ಲಿ ಗಾಣ ಸುತ್ತುತ್ತಿರುವ ಎತ್ತು ಇದೆ. ಹತ್ತನೆಯ ದಿನ ಫೋನು ಮಾಡಿದಾಗ ಆ ಅರವತ್ತು ದಾಟಿದ ತಾಯಂದಿರಿಗೆ ಎತ್ತಿನ ಹೆಸರನ್ನೂ ಹೇಳುತ್ತೀರೋ, ಅಥವಾ ತಿರುಗಿಸುತ್ತಿರುವುದು ವಿದ್ಯುತ್ ಮೋಟಾರು ಎಂಬುದನ್ನು ಹೇಳುತ್ತೀರೋ?

ಕಡಲೆಕಾಯಿ ಗಾಣ:
ಗಾಣ ಮರದ್ದು, ಒನಕೆಯೂ ಮರದ್ದು, ತಿರುಗಿಸುವುದು ಮೋಟಾರು. ಇದನ್ನು ಕೇಳಿದವರಿಗೆಲ್ಲ ಹೇಳಿದ್ದೇನೆ. ಎತ್ತಿನ ಚಿತ್ರ ಕೇವಲ ಗುರುತಿಗಾಗಿ ಇದೆ. ಎಣ್ಣೆ ಬಿಸಿಯಾಗದಷ್ಟು ನಿಧಾನವಾಗಿ ಗಾಣ ತಿರುಗಿದರೆ ಸಾಕು, ತಿರುಗಿಸಿದ್ದು ಯಾರು ಎಂಬುದು ಎಣ್ಣೆಗೆ ತಿಳಿಯುವುದಿಲ್ಲ.

ಇಳಕಲ್ ಸೆರಗು:
ಕೇಳಿದವರಿಗೆ ಹೇಳುವುದಕ್ಕೂ ಕೇಳದವರಿಗೆ ಚಿತ್ರ ತೋರಿಸುವುದಕ್ಕೂ ಇರುವ ಅಂತರವೇ ತಮ್ಮ ‘ಸಂಬಂಧ’ದ ಅಳತೆ.

ಸಾಗರದ ಮಿಡಿ:
ಎತ್ತನ್ನು ಕಟ್ಟಿಹಾಕಿ ಮಿಡಿಯ ವಿಷಯಕ್ಕೆ ಬರಬಹುದೇ? ನಾನು ಹದಿನಾಲ್ಕು ವರ್ಷಗಳಿಂದ ಇದೇ ಕಸುಬಿನಲ್ಲಿದ್ದೇನೆ.

2022ರಲ್ಲಿ ಬೇಡಿಕೆ ಹೆಚ್ಚಿತೆಂದು ಹೊಸ ಮಧ್ಯವರ್ತಿಯೊಬ್ಬರಿಂದ 6,000 ಮಿಡಿ ಕೊಂಡೆ. ಅದರಲ್ಲಿ ಮೂರರಲ್ಲೊಂದು ಪಾಲು ತೊಟ್ಟುಸಹಿತ ಕೊಯ್ದದ್ದಲ್ಲ, ಕೋಲಿನಿಂದ ಬಡಿದು ನೆಲಕ್ಕೆ ಬೀಳಿಸಿದ್ದು. ತೊಟ್ಟು ಮುರಿದು ಸೊನೆ ಸೋರಿಹೋದ ಮಿಡಿ ಉಪ್ಪಿನಲ್ಲಿ ಎಷ್ಟು ದಿನ ಇಟ್ಟರೂ ಗಟ್ಟಿ ನಿಲ್ಲುವುದಿಲ್ಲ. ಆಷಾಢದ ಹೊತ್ತಿಗೆ ಮೊದಲ ದೂರು ಬಂತು, ಮಿಡಿ ಲೊಳಕ್ ಎನ್ನುತ್ತದೆ ಎಂದು. ಆ ಹಾಕಣಿಕೆಯ 214 ಬಾಟಲಿಗಳು ಆಗಲೇ ಮನೆಮನೆ ಸೇರಿದ್ದವು. ದೂರು ಹೇಳಿದವರು ಆರು ಜನ; ನಾನು ಫೋನು ಮಾಡಿದ್ದು 214 ಮನೆಗಳಿಗೂ. ತಿನ್ನಬೇಡಿ, ಬದಲಿ ಕಳಿಸುತ್ತೇನೆ ಎಂದೆ. ಬದಲಿ ಬಾಟಲಿಗೆ 22, ಮುಚ್ಚಳಕ್ಕೆ 4, ಗುಳ್ಳೆ ಹಾಳೆ ಮತ್ತು ಪೆಟ್ಟಿಗೆಗೆ 19, ಕೊರಿಯರಿಗೆ 85, ಅಂದರೆ ಒಳಗಿನ ಪದಾರ್ಥ ಬಿಟ್ಟೇ ಬಾಟಲಿಯೊಂದಕ್ಕೆ 130 ರೂಪಾಯಿ, ಒಟ್ಟು 27,820. ಮಿಡಿ, ಮೆಣಸು, ಸಾಸಿವೆ, ಉಪ್ಪು ಸೇರಿ ಇನ್ನೂ ಸುಮಾರು 30,000. ಆ ವರ್ಷ ನನಗೆ ಉಳಿದದ್ದು ಏನೂ ಇಲ್ಲ, ಗಂಡನ ಅಡಿಕೆಯ ಹಣದಲ್ಲಿ ಮನೆ ನಡೆಯಿತು, ಅದನ್ನು ಅವರು ಇಂದಿಗೂ ನೆನಪಿಸುತ್ತಾರೆ. ಆದರೆ 214ರಲ್ಲಿ ಬಿಟ್ಟುಹೋದವರು 9 ಮನೆಯವರು.

ಯಾರು ತಿನ್ನುತ್ತಾರೆ ಎಂಬುದರ ಬಗ್ಗೆ ಹೇಳುವುದಾದರೆ, ನನಗೆ ಕಲಿಸಿದ್ದು ಎಣ್ಣೆ. ನಮ್ಮ ಮಲೆನಾಡಿನ ಮಿಡಿ ಉಪ್ಪಿನಕಾಯಿಗೆ ಎಣ್ಣೆ ಹಾಕುವುದಿಲ್ಲ, ರಸ ನೀರಾಗಿಯೇ ಇರುತ್ತದೆ. ಬಯಲುಸೀಮೆಯ ಗಿರಾಕಿಗಳು ಅದನ್ನು ನೋಡಿ ನೀರು ಸೇರಿ ಕೆಟ್ಟಿದೆ ಎಂದು ಚೆಲ್ಲುತ್ತಿದ್ದರು, ಚೆಲ್ಲಿದ್ದನ್ನು ನನಗೆ ಹೇಳುತ್ತಲೂ ಇರಲಿಲ್ಲ. ಎರಡು ವರ್ಷ ಅವರೇಕೆ ಮತ್ತೆ ಕೊಳ್ಳುವುದಿಲ್ಲ ಎಂದು ತಲೆ ಕೆಡಿಸಿಕೊಂಡೆ. ಒಬ್ಬರ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವರು ಬಾಟಲಿಗೆ ಎಣ್ಣೆ ಕಾಯಿಸಿ ಸುರಿಯುವುದನ್ನು ಕಂಡು ಎದ್ದು ಹೊರಡುವಷ್ಟು ಸಿಟ್ಟು ಬಂತು, ಆಮೇಲೆ ಬುದ್ಧಿಯೂ ಬಂತು. ಈಗ ಬಾಟಲಿಯೊಂದಿಗೆ ನಾಲ್ಕು ಸಾಲಿನ ಚೀಟಿ ಹೋಗುತ್ತದೆ. ಎಣ್ಣೆ, ಬೆಳ್ಳುಳ್ಳಿ ಹಾಕಿದ ಇನ್ನೊಂದು ಬಗೆಯನ್ನೂ ಮಾಡಿದೆ. ಅದನ್ನು ಕಂಡು ನಮ್ಮ ಹಳೆಯ ಹವ್ಯಕ ಗಿರಾಕಿಗಳಲ್ಲಿ ಇಬ್ಬರು, ಒಂದೇ ಕೈಯಿಂದ ಬೆಳ್ಳುಳ್ಳಿಯೂ ಬರುವುದಾದರೆ ತಮಗೆ ಬೇಡ ಎಂದು ನಿಂತರು. ಅವರನ್ನು ಒಲಿಸಲು ಇನ್ನೂ ಆಗಿಲ್ಲ.

ಅಂಗಡಿಯವರ ಮಗ, ದಾವಣಗೆರೆ:
ಉದ್ರಿಯನ್ನು ಎಲ್ಲರೂ ಬೈಯುತ್ತಿದ್ದೀರಿ, ಆದ್ದರಿಂದ ಹೇಳುತ್ತೇನೆ. ನಮ್ಮ ಅಪ್ಪನ ಕಿರಾಣಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕದ ಕೆಳಗೇ ಉದ್ರಿಯ ಪುಸ್ತಕ ಇರುತ್ತಿತ್ತು. ಯಾವ ಮನೆಗೆ ಎಷ್ಟರವರೆಗೆ ಕೊಡಬಹುದು, ಯಾವಾಗ ಕೇಳಬಾರದು ಎಂಬುದು ಅವರಿಗೆ ಗೊತ್ತಿತ್ತು. ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ 61 ಕಾರ್ಮಿಕರ ಮನೆಗಳ ಬಾಕಿ ನಿಂತಿತು, ಅಪ್ಪ ಯಾರ ಬಾಗಿಲಿಗೂ ಹೋಗಲಿಲ್ಲ. ವರ್ಷಗಳ ಮೇಲೆ 44 ಮನೆಯವರು ತೀರಿಸಿದರು, ಅವರಲ್ಲಿ ಮೂವರು ತೀರಿಹೋದವರ ಮಕ್ಕಳು. ಉಳಿದ 17 ಮನೆಗಳ ಲೆಕ್ಕ ಪುಸ್ತಕದಲ್ಲಿ ಹಾಗೆಯೇ ಇದೆ, ಅಮ್ಮನ ಎರಡು ಬಳೆಗಳು ಅದಕ್ಕೇ ಹೋದವು. ಗಾಣದವರ ಹತ್ತನೆಯ ದಿನದ ಫೋನು ನನಗೆ ಸಂಬಂಧವಾಗಿ ಕಾಣುವುದಿಲ್ಲ, ನನ್ನ ಹೆಂಡತಿಗೆ ಇಂಥ ಫೋನು ಮಾಡುವವರು ಮೂವರಿದ್ದಾರೆ, ಮೂವರನ್ನೂ ಆಕೆ ಬ್ಲಾಕ್ ಮಾಡಿದ್ದಾಳೆ.

ಕಡಲೆಕಾಯಿ ಗಾಣ:
ತಮ್ಮ ತಾಯಿಯವರ ಬಳೆ ಹೋದದ್ದನ್ನು ವ್ಯಾಪಾರದ ಯಶಸ್ಸು ಎಂದು ಹೇಳುವುದಾದರೆ ನನಗೆ ಹೇಳಲು ಏನೂ ಇಲ್ಲ.

ಅಂಗಡಿಯವರ ಮಗ, ದಾವಣಗೆರೆ:
ಯಶಸ್ಸು ಎಂಬ ಪದವನ್ನು ನಾನು ಬರೆದೇ ಇಲ್ಲ. ಇನ್ನೊಮ್ಮೆ ಓದಿ.

ಹಪ್ಪಳ ಸಂಡಿಗೆ, ಉಡುಪಿ:
ಸಂಬಂಧವೇ ಬಂಡವಾಳ ಎಂದು ನಂಬಿ ನಾನು ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿ ಇಟ್ಟಿದ್ದೆ. ಅಮೆರಿಕದ ಒಂದು ಊರಿನಲ್ಲಿರುವ ನನ್ನ ಸಹಪಾಠಿಯೊಬ್ಬಳು ಅಲ್ಲಿಯ ಕನ್ನಡಿಗರ 62 ಮನೆಗಳನ್ನು ಜೋಡಿಸಿಕೊಟ್ಟಿದ್ದಳು. ಯಾರಿಗೆ ಹಲಸಿನ ಹಪ್ಪಳ, ಯಾರ ಮಗುವಿಗೆ ಖಾರ ಆಗದು ಎಂಬುದೆಲ್ಲ ನನಗೆ ತಿಳಿದಿತ್ತು. ಅವರ ಮಕ್ಕಳ ಹುಟ್ಟುಹಬ್ಬಗಳೂ ನೆನಪಿದ್ದವು. ಅಲ್ಲಿ 800 ಡಾಲರ್‌ವರೆಗಿನ ಪೊಟ್ಟಣಗಳಿಗಿದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ರಿಂದ ರದ್ದಾಯಿತು. ಅದಕ್ಕೂ ಕೆಲವು ದಿನ ಮೊದಲೇ ನಮ್ಮ ಅಂಚೆಯವರು ಅಲ್ಲಿಗೆ ಪಾರ್ಸೆಲು ಸ್ವೀಕರಿಸುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ದೀಪಾವಳಿಗೆಂದು ಒಣಗಿಸಿಟ್ಟ 48 ಕಿಲೋ ಹಪ್ಪಳ ಡಬ್ಬಿಯಲ್ಲಿಯೇ ಉಳಿಯಿತು. ಖಾಸಗಿ ಕೊರಿಯರಿನವರು ಹೇಳಿದ ದರ ಹಪ್ಪಳದ ಬೆಲೆಯ ಮೂರು ಪಟ್ಟು. 62 ಮನೆಯವರೂ ಅಯ್ಯೋ ಎಂದರು, ಬಹಳ ಪ್ರೀತಿಯಿಂದಲೇ ಅಂದರು. ಆ ದರ ಕೊಟ್ಟು ತರಿಸಿದವರು ನಾಲ್ವರು. ಕೊನೆಗೆ ಹಪ್ಪಳ ಹೋದದ್ದು ಮಣಿಪಾಲದ ಎರಡು ಮೆಸ್ಸುಗಳಿಗೆ, ಅರ್ಧ ಬೆಲೆಗೆ. ಅವರ ಹೆಸರೂ ನನಗೆ ಸರಿಯಾಗಿ ಗೊತ್ತಿಲ್ಲ, ಆದರೆ ಈಗ ಪ್ರತಿ ತಿಂಗಳೂ ಕೊಳ್ಳುತ್ತಾರೆ.

ಭರಣಿಮನೆ (ಕೇಳಿದವರು):
ಎಲ್ಲರಿಗೂ ಕೃತಜ್ಞತೆಗಳು. ಸಾಗರದವರ ಮಾತು ಓದಿದ ಮೇಲೆ ಕಳೆದ ವಾರ ಮದುವೆಯೊಂದಕ್ಕೆ ಬೆಂಗಳೂರಿಗೆ ಹೋದವಳು ಹನ್ನೊಂದು ಮನೆಗಳಿಗೆ ಹೋಗಿ ಬಂದೆ. ನಾಲ್ಕು ಮನೆಗಳಲ್ಲಿ ನಮ್ಮ ಉಪ್ಪಿನಕಾಯಿ ಮುಗಿದು ಬಾಟಲಿ ಖಾಲಿಯಾಗಿತ್ತು. ಐದು ಮನೆಗಳಲ್ಲಿ ಅದು ಬಡಿಸುವ ಕಡೆ ಇರಲಿಲ್ಲ, ಅಟ್ಟದ ಮೇಲೋ ಫ್ರಿಜ್ಜಿನ ಹಿಂದೆಯೋ ಇತ್ತು. ಇಬ್ಬರ ಮನೆಯಲ್ಲಿ ಕಳೆದ ವರ್ಷದ ಬಾಟಲಿಯ ಮುಚ್ಚಳವನ್ನೇ ತೆಗೆದಿರಲಿಲ್ಲ. ಈ ವರ್ಷವೂ ಅವರು ತಲಾ ಎರಡು ಬಾಟಲಿ ಹೇಳಿದ್ದಾರೆ. ಖಾಲಿಯಾದ ನಾಲ್ಕು ಮನೆಗಳಲ್ಲಿ ಮೂರು ನಮ್ಮ ನೆಂಟರದ್ದಲ್ಲ.

ಇಳಕಲ್ ಸೆರಗು:
ಮುಚ್ಚಳ ತೆಗೆಯದವರು ಹಣ ಕೊಟ್ಟಿದ್ದರೇ?

ಭರಣಿಮನೆ (ಕೇಳಿದವರು):
ಕೊಟ್ಟಿದ್ದರು, ಮುಂಗಡವಾಗಿಯೇ ಕೊಟ್ಟಿದ್ದರು. ಅವರು ನನ್ನ ಅತ್ತೆಯ ತವರಿನವರು.