ಕೊರಿಯಾದ 1960: ಒಂದೇ ವರ್ಷದಲ್ಲಿ ಇಷ್ಟೆಲ್ಲಾ ಹೇಗಾಯ್ತು?

ಪ್ರಶ್ನೆ: ದಕ್ಷಿಣ ಕೊರಿಯಾ ಗಣರಾಜ್ಯ ಹುಟ್ಟಿದ್ದು 1948ರಲ್ಲಿ, ಯುದ್ಧ ನಿಂತಿದ್ದು 1953ರಲ್ಲಿ. 1960ರಲ್ಲಿ ಅಧ್ಯಕ್ಷ ಸಿಂಗ್‌ಮನ್ ರೀ ಅವರ ಎದುರಾಳಿ ಚುನಾವಣೆಗೆ ಮೊದಲೇ ತೀರಿಕೊಂಡಿದ್ದರು. ಗೆಲುವು ಖಚಿತ ಇದ್ದಾಗ ಅಕ್ರಮ ಯಾಕೆ ಬೇಕಿತ್ತು?

ಉತ್ತರ 1: ಅಕ್ರಮ ಉಪಾಧ್ಯಕ್ಷ ಸ್ಥಾನಕ್ಕೆ ಸ್ವಾಮಿ. ರೀಗೆ ಆಗಲೇ 85ರ ಹತ್ತಿರ, ಅವರೇನಾದರೂ ಸತ್ತರೆ ಉಪಾಧ್ಯಕ್ಷನೇ ಕುರ್ಚಿಗೆ, ಹಾಗಾಗಿ ತಮ್ಮವರೇ ಆದ ಲೀ ಕಿ-ಪೂಂಗ್ ಗೆಲ್ಲಲೇಬೇಕಿತ್ತು. ಮತಪೆಟ್ಟಿಗೆಗೆ ಮೊದಲೇ ಚೀಟಿ ತುಂಬಿಟ್ಟಿದ್ದರು, ಮೂರು ಮೂರು ಜನರನ್ನು ಒಟ್ಟಿಗೆ ಕಳಿಸಿ ಒಬ್ಬರದ್ದು ಒಬ್ಬರಿಗೆ ಕಾಣುವಂತೆ ಓಟು ಹಾಕಿಸಿದರು.

ಉತ್ತರ 2: ಅದಕ್ಕಿಂತ ಮಾಸಾನ್ ಊರಲ್ಲಿ ನಡೆದದ್ದು ಮುಖ್ಯ. ಚುನಾವಣೆಯ ದಿನ, ಮಾರ್ಚ್ 15ರಂದು, ಅಕ್ರಮದ ವಿರುದ್ಧ ನಡೆದ ಗಲಾಟೆಯಲ್ಲಿ ಕಾಣೆಯಾದ ವಿದ್ಯಾರ್ಥಿ ಕಿಮ್ ಜು-ಯುಲ್ ಶವ ಏಪ್ರಿಲ್ 11ಕ್ಕೆ ಸಮುದ್ರದಲ್ಲಿ ಸಿಕ್ಕಿತು, ಕಣ್ಣಲ್ಲಿ ಅಶ್ರುವಾಯು ಶೆಲ್ ನಾಟಿತ್ತು. ಫೋಟೋ ಪತ್ರಿಕೆಯಲ್ಲಿ ಬಂತು, ಆಮೇಲೆ ತಡೆಯೋರು ಯಾರು? 19ರಂದು ಸಿಯೋಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು. 25ಕ್ಕೆ ಪ್ರೊಫೆಸರ್‌ಗಳೇ ಬೀದಿಗಿಳಿದರು, ಮರುದಿನ ರೀ ರಾಜೀನಾಮೆ ಘೋಷಿಸಿದರು.

ಪ್ರಶ್ನೆ ಕೇಳಿದವರು: ಸೈನ್ಯ ಸುಮ್ನೆ ಇತ್ತಾ?

ಉತ್ತರ 1: ರಸ್ತೆಯಲ್ಲೇ ಇತ್ತು, ಆದರೆ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಲಿಲ್ಲ. ರೀ ಹವಾಯಿಗೆ ಹೋದರು, ಸಂಸದೀಯ ಪದ್ಧತಿ ಬಂತು, ಚಾಂಗ್ ಮ್ಯೋನ್ ಪ್ರಧಾನಿಯಾದರು. ಅದೇ ಸೈನ್ಯದ ಪಾರ್ಕ್ ಚುಂಗ್-ಹೀ 1961ರ ಮೇ 16ಕ್ಕೆ ಅಧಿಕಾರ ಕಿತ್ತುಕೊಂಡರು, ಅದು ಬೇರೆ ಕಥೆ.