ನೀರೊಳಗೆ ಪ್ಲಾಸ್ಮಾ: ಸತು ಆಕ್ಸೈಡ್ ಗ್ರಾಫೀನ್ ಹಾಳೆಗೆ ಅಂಟಿದೆ ಎಂದು ತಿಳಿಯುವುದು ಹೇಗೆ?

ಬದಿಯಡ್ಕದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಗ್ರಾಫೀನ್ ಆಕ್ಸೈಡ್ (ಆಕ್ಸಿಜನ್ ಗುಂಪುಗಳು ಅಂಟಿದ ತೆಳು ಕಾರ್ಬನ್ ಹಾಳೆ) ಬೆರೆಸಿದ ನೀರಲ್ಲಿ ಎರಡು ಸತುವಿನ ಕಡ್ಡಿ ಮುಳುಗಿಸಿ, ತುದಿಗಳ ಮಧ್ಯೆ ಒಂದು ಮಿಲಿಮೀಟರಿಗಿಂತ ಕಡಿಮೆ ಜಾಗ ಬಿಟ್ಟು ಹೈ ವೋಲ್ಟೇಜ್ ಪಲ್ಸ್ ಕೊಡುತ್ತಿದ್ದೇವೆ. ಆಗ ಅಲ್ಲಿ ಕಿಡಿ, ಅಂದರೆ ಪ್ಲಾಸ್ಮಾ (ಬಿಸಿಯಾಗಿ ಅಯಾನುಗಳಾದ ಅನಿಲ) ಹುಟ್ಟುತ್ತದೆ. ಕಂದು ನೀರು ಕಪ್ಪಾಗಿ ಪುಡಿ ತಳಕ್ಕೆ ಇಳಿಯುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಸತು ಆಕ್ಸೈಡಿನ ಪೀಕುಗಳು 31.8, 34.4, 36.3 ಡಿಗ್ರಿಯಲ್ಲಿ ಸರಿಯಾಗಿವೆ, 10–11 ಡಿಗ್ರಿಯ ಗ್ರಾಫೀನ್ ಆಕ್ಸೈಡ್ ಪೀಕು ಹೋಗಿದೆ. ಇಷ್ಟಾದರೆ ಕಾಂಪೊಸಿಟ್, ಅಂದರೆ ಎರಡೂ ಒಂದಕ್ಕೊಂದು ಅಂಟಿದ ವಸ್ತು, ಎನ್ನಬಹುದಾ? ಇನ್ನೊಂದು, ಲ್ಯಾಬಿನ ಡಿಐ ನೀರು (ಕರಗಿದ ಲವಣ ತೆಗೆದ ಶುದ್ಧ ನೀರು) ಆಗಾಗ ಮುಗಿಯುತ್ತದೆ. ಮನೆಯ ಸುರಂಗದ (ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿ) ನೀರು ಬಹಳ ತಿಳಿ, ಅದು ಆಗಬಹುದಾ?

ಕುಂಬಳೆಯಿಂದ:
ಇಷ್ಟಕ್ಕೇ ಹೇಳಲಿಕ್ಕೆ ಆಗುವುದಿಲ್ಲ ತಂಗಿ. ಎರಡು ಪುಡಿಯನ್ನು ಸುಮ್ನೆ ಬೆರೆಸಿದರೂ ಎಕ್ಸ್‌ಆರ್‌ಡಿಯಲ್ಲಿ ಎರಡೂ ಕಾಣುತ್ತವೆ, ಚುರುಮುರಿಯಲ್ಲಿ ಕಡಲೆ ಇದ್ದ ಹಾಗೆ. ಕಪ್ಪು ಬಣ್ಣ ಗ್ರಾಫೀನ್ ಆಕ್ಸೈಡಿನ ಆಕ್ಸಿಜನ್ ಕಡಿಮೆಯಾಗಿದೆ ಎಂಬುದರ ಸುಳಿವು, ಅಷ್ಟೇ. ಕಿಡಿಯಲ್ಲಿ ಕಡ್ಡಿಯ ತುದಿ ಕರಗಿ ಆವಿಯಾಗಿ, ನೀರಲ್ಲಿ ತಣಿಯುವಾಗ ಆಕ್ಸೈಡ್ ಆಗುತ್ತದೆ. ಆ ಕಣ ಹಾಳೆಯಿಂದ ದೂರವೇ ಹುಟ್ಟಿ ಆಮೇಲೆ ಮೇಲೆ ಕೂತಿರಬಹುದು. ಹಾಳೆಯ ಆಕ್ಸಿಜನ್ ಗುಂಪುಗಳು (ಅಂಚಿನ ಕಾರ್ಬಾಕ್ಸಿಲ್ ಮುಂತಾದವು) ಸತುವಿನ ಅಯಾನುಗಳನ್ನು ಹಿಡಿದುಕೊಂಡು ಅಲ್ಲೇ ಆಕ್ಸೈಡ್ ಬೆಳೆದಿದ್ದರೆ ಮಾತ್ರ ನಿಜವಾದ ಅಂಟು.

ಹೀಗೆ ಮಾಡಿ. ಅದೇ ಪ್ರಮಾಣದಲ್ಲಿ ಸತು ಆಕ್ಸೈಡ್ ಮತ್ತು ಗ್ರಾಫೀನ್ ಆಕ್ಸೈಡ್ ಕೈಯಲ್ಲಿ ಬೆರೆಸಿದ ಒಂದು ಸ್ಯಾಂಪಲ್ ಜೊತೆಗಿರಲಿ. ಎರಡನ್ನೂ ಅಲ್ಟ್ರಾಸಾನಿಕ್ ಬಾತಿನಲ್ಲಿ ಅಲುಗಾಡಿಸಿ ಟಿಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿ. ಬೆರೆಸಿದ್ದರಲ್ಲಿ ಕಣ ಬಿಟ್ಟುಹೋಗಿ, ನಿಮ್ಮದರಲ್ಲಿ ಹಾಳೆಗೇ ಕಚ್ಚಿಕೊಂಡಿದ್ದರೆ ಅದು ಮಾತು. ಪ್ಲಾಸ್ಮಾ ಇಲ್ಲದೆ ಅಷ್ಟೇ ಬಿಸಿ ಮಾಡಿದ್ದೂ ಒಂದು ಬೇಕು, ಯಾಕೆಂದರೆ ಕಿಡಿ ಹೊಡೆಯುವಾಗ ನೀರೂ ಕಾಯುತ್ತದೆ.

ಮಂಜೇಶ್ವರ ಭೌತಶಾಸ್ತ್ರ:
ಸುರಂಗದ ನೀರು ಬೇಡ ಮಾರಾಯ್ರೆ. ಕಣ್ಣಿಗೆ ತಿಳಿ ಇದ್ದರೂ ಮುರಕಲ್ಲಿನೊಳಗಿಂದ (ಲ್ಯಾಟರೈಟ್) ಇಳಿದು ಬಂದ ನೀರು, ಏನೇನು ಕರಗಿದೆಯೋ. ಕ್ಯಾಲ್ಸಿಯಂ ಇದ್ದರೆ ಗ್ರಾಫೀನ್ ಆಕ್ಸೈಡ್ ಹಾಳೆಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತವೆ. ಉಪ್ಪು ಜಾಸ್ತಿಯಾದರೆ ಕರೆಂಟ್ ನೀರಲ್ಲೇ ಹರಿದು ಕಿಡಿ ಬರುವುದಿಲ್ಲ. ಡಿಐ ನೀರಿಗೆ ತೂಕ ಮಾಡಿ ಸ್ವಲ್ಪ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ, ಪ್ರತಿ ಸಲ ಕಂಡಕ್ಟಿವಿಟಿ ಅಳೆದು ಬರೆದಿಡಿ.

ಮತ್ತೆ ಒಬ್ಬರೇ ಇದ್ದಾಗ ಸ್ವಿಚ್ ಹಾಕಬೇಡಿ. ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ, ಇನ್ಸುಲೇಟರಿನ ಮೇಲೂ ತೇವ ಕೂರುತ್ತದೆ, ಒರೆಸಿ ಒಣಗಿಸಿಯೇ ಶುರು ಮಾಡಿ. ಹೈಡ್ರೋಜನ್ ಬರುತ್ತದೆ, ಕಿಟಕಿ ತೆರೆದಿರಲಿ.

ಬದಿಯಡ್ಕದ ಹುಡುಗಿ:
ತುಂಬ ಉಪಕಾರ. ನೀರಿನ ಬದಲು ಆಲ್ಕೊಹಾಲ್ ಹಾಕಿದರೆ ಆಕ್ಸಿಜನ್ ಬೇಗ ಹೋಗುತ್ತದೆ ಎಂದು ಗೆಳತಿ ಹೇಳಿದಳು. ರಾಮನ್‌ಗೆ (ಲೇಸರ್ ಬೆಳಕು ಚೆದರುವುದನ್ನು ನೋಡಿ ವಸ್ತು ಗುರುತಿಸುವ ಪರೀಕ್ಷೆ) ಸ್ಯಾಂಪಲ್ ಓವನಿನಲ್ಲಿ ಒಣಗಿಸಿ ಕೊಟ್ಟರೆ ಸಾಕಾ?

ಕುಂಬಳೆಯಿಂದ:
ಆಲ್ಕೊಹಾಲ್ ಈಗ ಬೇಡ. ಬೆಂಕಿಯ ಭಯ ಒಂದು. ಕಿಡಿಯಲ್ಲಿ ಅದೇ ಒಡೆದು ಕಾರ್ಬನ್ ಕೊಡುತ್ತದೆ, ಆಮೇಲೆ ಕಪ್ಪು ಪುಡಿ ಯಾರದು ಎಂದು ಬಿಡಿಸುವುದು ಕಷ್ಟ. ಓವನಿನಲ್ಲಿ ಹಾಳೆಗಳು ಒತ್ತೊತ್ತಾಗಿ ಕೂತುಬಿಡುತ್ತವೆ, ಫ್ರೀಜ್ ಡ್ರೈಯರ್ ಸಿಕ್ಕರೆ ಅದರಲ್ಲೇ ಒಣಗಿಸಿ. ರಾಮನ್ ಮಾಡುವವರಿಗೆ ಲೇಸರ್ ಪವರ್ ಕಡಿಮೆ ಇಡಲಿಕ್ಕೆ ಹೇಳಿ, ಜಾಸ್ತಿಯಾದರೆ ಲೇಸರೇ ಗ್ರಾಫೀನ್ ಆಕ್ಸೈಡಿನ ಆಕ್ಸಿಜನ್ ತೆಗೆದುಬಿಡುತ್ತದೆ. ಕಾರ್ಬನ್ ಹಾಳೆಯ ಎರಡು ರಾಮನ್ ಪೀಕುಗಳು, 1350ರ ಡಿ, 1580ರ ಜಿ, ಅವುಗಳ ಜೊತೆ ಸತು ಆಕ್ಸೈಡಿನ 437ರ ಪೀಕು ಕೂಡ ಒಂದೇ ಚುಕ್ಕೆಯಲ್ಲಿ ಸಿಗುತ್ತದಾ ನೋಡಿ.