ಟಿಎಎಸ್5805ಎಂ + ಇಎಸ್‌ಪಿ32: ಟೂ-ವೇ ಬಾಕ್ಸಿಗೆ ಒಳಗಿನ ಡಿಎಸ್‌ಪಿಯಲ್ಲೇ ಕ್ರಾಸ್‌ಓವರ್, ಆದ್ರೆ ಸದ್ದಿಲ್ಲ

ಎರಡುದಾರಿ (ಪ್ರಶ್ನೆ)

ಒಂದೇ ಬಾಕ್ಸಿನ ವೂಫರ್, ಟ್ವೀಟರ್ ಎರಡನ್ನೂ ಒಂದು ಟಿಎಎಸ್5805ಎಂ (ಸದ್ದನ್ನು ಲೆಕ್ಕದಲ್ಲಿ ತಿದ್ದೋ ಡಿಎಸ್‌ಪಿ ಒಳಗೇ ಇರೋ ಆ್ಯಂಪ್ ಚಿಪ್) ಮಾಡ್ಯೂಲಿನ ಎರಡು ಚಾನಲ್‌ಗಳಿಂದ ಬೇರೆಬೇರೆಯಾಗಿ ನಡೆಸಬೇಕು. ಎಡ ಚಾನಲ್‌ಗೆ 6.5 ಇಂಚಿನ 8 ಓಮ್ ವೂಫರ್, ಬಲಕ್ಕೆ 1 ಇಂಚಿನ 8 ಓಮ್ ಸಿಲ್ಕ್ ಡೋಮ್ ಟ್ವೀಟರ್. ಕ್ರಾಸ್‌ಓವರ್ (ಕೆಳಗಿನ ಸ್ವರ ವೂಫರಿಗೆ, ಮೇಲಿನದು ಟ್ವೀಟರಿಗೆ ಅಂತ ಹಂಚೋ ಜಾಗ) 2.5 ಕಿಲೋಹರ್ಟ್ಜ್, ನಾಲ್ಕನೇ ಆರ್ಡರಿನ ಲಿಂಕ್‌ವಿಟ್ಜ್-ರೈಲಿ ಫಿಲ್ಟರ್. ಹಾಡು ಬರೋದು ಫೋನಿನಿಂದ ಬ್ಲೂಟೂತ್‌ನಲ್ಲಿ, ಇಎಸ್‌ಪಿ32 ಬೋರ್ಡಿನ ಎ2ಡಿಪಿ (ಬ್ಲೂಟೂತ್ ಹಾಡು ತಗೊಳ್ಳೋ) ಲೈಬ್ರರಿ ಮೂಲಕ.

ವೈರಿಂಗ್ ಹೀಗಿದೆ: ಹಾಡಿನ ಡೇಟಾ ಹೋಗೋ ಐ2ಎಸ್‌ಗೆ ಇಎಸ್‌ಪಿ32ರ ಪಿನ್‌ಗಳು ಬಿಟ್ ಕ್ಲಾಕ್ 26, ಲೆಫ್ಟ್-ರೈಟ್ ಕ್ಲಾಕ್ 25, ಡೇಟಾ 19. ಚಿಪ್ಪಿಗೆ ಸೆಟ್ಟಿಂಗ್ ಕಳಿಸೋ ಐ2ಸಿಗೆ 21 ಮತ್ತು 22. ಚಿಪ್ಪನ್ನು ಮಲಗಿಸಿ ಎಬ್ಬಿಸೋ ಪಿಡಿಎನ್ ಪಿನ್ ನೇರ 3.3 ವೋಲ್ಟಿಗೆ. ಪವರ್‌ಗೆ 19 ವೋಲ್ಟ್, 3.42 ಆಂಪಿಯರಿನ ಲ್ಯಾಪ್‌ಟಾಪ್ ಅಡಾಪ್ಟರ್. ಕೋಡಿನಲ್ಲಿ ಐ2ಸಿ, ಎ2ಡಿಪಿ ಎರಡನ್ನೂ ಪಿನ್ ಸಂಖ್ಯೆ ಕೊಡದೆ ಹಾಗೇ ಶುರು ಮಾಡಿದ್ದೇನೆ. (ಕೆಳಗೆ ರಿಜಿಸ್ಟರ್, ಅಂದರೆ ಚಿಪ್ಪಿನ ಸೆಟ್ಟಿಂಗ್ ಇಡೋ ಜಾಗದ ಸಂಖ್ಯೆ, ಅದರಲ್ಲಿ ಬರೆಯೋ ಬೆಲೆ ಎಲ್ಲ ಹೆಕ್ಸ್‌ನಲ್ಲಿ, 16ರ ಲೆಕ್ಕದಲ್ಲಿ.)

ಸ್ಕ್ಯಾನ್ ಮಾಡಿದರೆ ಚಿಪ್ 2ಸಿ ವಿಳಾಸದಲ್ಲಿ ಸಿಗುತ್ತೆ. ಫೋನ್ ಕನೆಕ್ಟ್ ಆಗೋ ಮೊದಲೇ ಕೋಎಫಿಶಿಯೆಂಟ್ (ಫಿಲ್ಟರಿನ ಸಂಖ್ಯೆಗಳು) ಬರೆದರೆ ಎಲ್ಲದಕ್ಕೂ ಆ್ಯಕ್ (ಸಿಕ್ಕಿತು ಅನ್ನೋ ಉತ್ತರ) ಬರುತ್ತೆ, ಸದ್ದು ಮಾತ್ರ ಇಲ್ಲ. ಕನೆಕ್ಟ್ ಆದ ಮೇಲೆ ಬರೆಯೋಕೆ ಹೋದರೆ ಐ2ಸಿ ಎರರ್. ಮಾಡ್ಯೂಲೇ ಕೆಟ್ಟಿದೆಯಾ?

---

ಬೆಸುಗೆಕಡ್ಡಿ

ಮಾಡ್ಯೂಲ್ ಸರಿಯಾಗಿಯೇ ಇದೆ. ಪಿನ್ 22 ನೋಡಿ.

ಪಿನ್ ಹೇಳದೆ ಬಿಟ್ಟರೆ ಆ ಎ2ಡಿಪಿ ಲೈಬ್ರರಿ 26, 25, 22 ಅನ್ನು ತಾನೇ ತಗೊಳ್ಳುತ್ತೆ, ಅದರಲ್ಲಿ 22 ಡೇಟಾ. ಐ2ಸಿ ಕೂಡ ಪಿನ್ ಹೇಳದಿದ್ದರೆ 21ನ್ನು ಡೇಟಾಕ್ಕೂ 22ನ್ನು ಕ್ಲಾಕ್‌ಗೂ ಇಟ್ಟುಕೊಳ್ಳುತ್ತೆ. ಹಾಗಾಗಿ ಬ್ಲೂಟೂತ್ ಶುರುವಾಗುವವರೆಗೆ ಐ2ಸಿ ಸರಿ, ಆಮೇಲೆ 22ನೇ ಪಿನ್ನಿನಲ್ಲಿ ಹಾಡಿನ ಡೇಟಾ ಓಡುತ್ತೆ, ಐ2ಸಿ ಸತ್ತಿರುತ್ತೆ. ನೀವು 19ಕ್ಕೆ ಹಾಕಿದ ವೈರಿನಲ್ಲಂತೂ ಏನೂ ಇರಲ್ಲ. ಎರಡೂ ಲಕ್ಷಣಕ್ಕೆ ಕಾರಣ ಇದೊಂದೇ.

ಐ2ಎಸ್‌ಗೆ 26, 25, 19 ಅಂತ ಕೋಡಿನಲ್ಲಿ ಬಿಡಿಸಿ ಬರೆಯಿರಿ. ಐ2ಸಿಗೂ 21, 22 ಅಂತ ಹೇಳಿಬಿಡಿ, ಡಿಫಾಲ್ಟ್ ನಂಬೋದು ಬೇಡ.

ಪಿಡಿಎನ್‌ನ 3.3ಕ್ಕೆ ಕಟ್ಟಬೇಡಿ. 33ನೇ ಪಿನ್ನಿಗೆ ಹಾಕಿ, ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್ ಕೊಡಿ. ಬೂಟ್ ಆಗೋವಾಗ ಪಿನ್ ಗಾಳಿಯಲ್ಲಿ ತೇಲಿದರೂ ಆ್ಯಂಪ್ ಮಲಗಿರುತ್ತೆ. 34ರಿಂದ 39ರವರೆಗಿನ ಪಿನ್‌ಗಳು ಇನ್‌ಪುಟ್‌ಗೆ ಮಾತ್ರ, ಅಲ್ಲಿಗೆ ಹಾಕಿದರೆ ಚಿಪ್ ಏಳುವುದೇ ಇಲ್ಲ.

---

ಎರಡುದಾರಿ

ಪಿನ್ ಬದಲಿಸಿದ್ದಕ್ಕೆ ಸದ್ದು ಬಂತು, ಥ್ಯಾಂಕ್ಸ್ ಸರ್. ಈಗಿನ ಸಮಸ್ಯೆ: ಎರಡೂ ಚಾನಲ್‌ನಲ್ಲಿ ಪೂರ್ತಿ ಹಾಡು ಬರ್ತಿದೆ, ಫಿಲ್ಟರ್ ಹತ್ತಿಲ್ಲ. ಕೋಎಫಿಶಿಯೆಂಟ್ ಬರೆಯುವಾಗ ಒಂದೂ ಎರರ್ ಇಲ್ಲ. ಟ್ವೀಟರ್ ಸಣ್ಣ ವಾಲ್ಯೂಮ್‌ಗೇ ಕರಕರ ಅನ್ನುತ್ತೆ.

---

ಮಂದ್ರಸ್ಥಾಯಿ

ಮೊದಲು ಟ್ವೀಟರ್ ಬಿಚ್ಚಿಡಿ. ಫಿಲ್ಟರ್ ಹತ್ತಿದೆ ಅಂತ ಅಳೆದು ನೋಡುವವರೆಗೆ ಆ ಜಾಗದಲ್ಲಿ 8.2 ಓಮ್, 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಇರಲಿ. ಬೆಂಗಳೂರಿನ ಎಸ್‌ಪಿ ರೋಡಿನ ಯಾವ ಅಂಗಡಿಯಲ್ಲಾದರೂ ಸಿಗುತ್ತೆ, ಟ್ವೀಟರಿನ ಮುಂದೆ ಅದರ ಬೆಲೆ ಲೆಕ್ಕಕ್ಕೇ ಇಲ್ಲ.

ಆ್ಯಕ್ ಬಂತು ಅಂದರೆ ಐ2ಸಿ ಭಾಗ ಕೇಳಿಸಿಕೊಂಡಿದೆ ಅಂತ ಅಷ್ಟೇ. ಆ ಭಾಗಕ್ಕೆ ಆಡಿಯೊ ಕ್ಲಾಕ್ ಬೇಡ. ಡಿಎಸ್‌ಪಿಗೆ ಬೇಕು. ಈ ಚಿಪ್ಪಿಗೆ ಮಾಸ್ಟರ್ ಕ್ಲಾಕ್ ಪಿನ್ನೇ ಇಲ್ಲ, ಒಳಗಿನ ಪಿಎಲ್ಎಲ್ (ಚಿಪ್ಪಿನ ಕ್ಲಾಕ್ ತಯಾರಿಸುವ ಭಾಗ) ನಡೆಯೋದು ನಿಮ್ಮ ಬಿಟ್ ಕ್ಲಾಕ್‌ನಿಂದ. ಕ್ಲಾಕ್ ಬರುವ ಮೊದಲು ಬರೆದ ಕೋಎಫಿಶಿಯೆಂಟ್ ಡಿಎಸ್‌ಪಿ ಮೆಮೊರಿಯಲ್ಲಿ ಕೂರುವುದಿಲ್ಲ. ಮೇಲಾಗಿ ರಿಜಿಸ್ಟರ್ 03ರ ಡಿಫಾಲ್ಟ್ ಬೆಲೆ 10, ಅಂದರೆ ಡಿಎಸ್‌ಪಿ ರೀಸೆಟ್‌ನಲ್ಲೇ ಹಿಡಿದಿಟ್ಟ ಸ್ಥಿತಿ.

ಕ್ರಮ ಹೀಗಿರಲಿ:

1. 3.3 ವೋಲ್ಟ್, 19 ವೋಲ್ಟ್ ಎರಡೂ ಬರಲಿ. ಯಾವುದು ಮೊದಲು ಬಂದರೂ ತೊಂದರೆಯಿಲ್ಲ.
2. ಪಿಡಿಎನ್ ಮೇಲೆತ್ತಿ, ಕನಿಷ್ಠ 5 ಮಿಲಿಸೆಕೆಂಡ್ ಬಿಡಿ.
3. ಐ2ಎಸ್ ಶುರು ಮಾಡಿ ಸೊನ್ನೆ ಕಳಿಸುತ್ತಿರಿ. ರಿಜಿಸ್ಟರ್ 37 ಓದಿ. ಕೆಳಗಿನ ನಾಲ್ಕು ಬಿಟ್ ಸೊನ್ನೆಯಾಗಿದ್ದರೆ ಚಿಪ್ಪಿಗೆ ಕ್ಲಾಕ್ ಸಿಕ್ಕಿಲ್ಲ, ಮುಂದೆ ಹೋಗಬೇಡಿ.
4. 03ಕ್ಕೆ 02 ಬರೆಯಿರಿ. ಡಿಎಸ್‌ಪಿ ಏಳುತ್ತೆ, ಔಟ್‌ಪುಟ್ ಹೈ-ಝಡ್‌ನಲ್ಲಿ (ಸ್ಪೀಕರನ್ನು ನಡೆಸದ ಸ್ಥಿತಿ) ಇರುತ್ತೆ. ಮತ್ತೆ 5 ಮಿಲಿಸೆಕೆಂಡ್.
5. ಈಗ ಕೋಎಫಿಶಿಯೆಂಟ್, ಗೇನ್, ವಾಲ್ಯೂಮ್.
6. ಕೊನೆಗೆ 03ಕ್ಕೆ 03, ಅಂದರೆ ಪ್ಲೇ.

ಎ2ಡಿಪಿ ಸ್ಟಾರ್ಟ್ ಕರೆದ ತಕ್ಷಣ ಕ್ಲಾಕ್ ಬಂದೇ ಬರುತ್ತೆ ಅಂತ ಅಂದುಕೊಳ್ಳಬೇಡಿ. 37 ಓದೋದೇ ಸಾಕ್ಷಿ. ಪಿಡಿಎನ್ ಒಂದು ಸಲ ಕೆಳಗಿಳಿದರೆ ಬರೆದದ್ದೆಲ್ಲ ಹೋಗುತ್ತೆ, ಒಂದನೇ ಹೆಜ್ಜೆಯಿಂದ ಮತ್ತೆ ಶುರು. ಸುಮ್ಮನೆ ವಿರಾಮ ಬೇಕಿದ್ದರೆ ಪಿಡಿಎನ್ ಮುಟ್ಟದೆ 03ರಲ್ಲೇ ಡೀಪ್ ಸ್ಲೀಪ್‌ಗೆ ಕಳಿಸಿ.

---

ಬೆಸುಗೆಕಡ್ಡಿ

ಮೇಲಿನದಕ್ಕೆ ಸೇರಿಸೋದು: ಬುಕ್, ಪೇಜ್ (ಚಿಪ್ಪಿನ ಮೆಮೊರಿಯ ವಿಭಾಗಗಳು) ಬದಲಿಸುವುದರಲ್ಲಿ ಜಾರುವವರೇ ಜಾಸ್ತಿ.

ಬೈಕ್ವಾಡ್‌ಗಳು, ಅಂದರೆ ಫಿಲ್ಟರಿನ ಒಂದೊಂದು ತುಂಡು, ಇರೋದು ಬುಕ್ ಎಎಯಲ್ಲಿ. ಹೋಗುವ ದಾರಿ: 00ಗೆ 00 (ಪೇಜ್ ಸೊನ್ನೆ), 7ಎಫ್‌ಗೆ ಎಎ, ಆಮೇಲೆ 00ಗೆ ಬೇಕಾದ ಪೇಜ್. ವಾಪಸ್ ಬರುವಾಗ ಮತ್ತೆ 00ಗೆ 00, 7ಎಫ್‌ಗೆ 00. ಈ ವಾಪಸಾತಿ ಮರೆತು 03ಕ್ಕೆ 03 ಬರೆದರೆ ಅದು ಕಂಟ್ರೋಲ್ ರಿಜಿಸ್ಟರ್ ತಲುಪಲ್ಲ. ಚಿಪ್ ಹೈ-ಝಡ್‌ನಲ್ಲೇ ಕೂತಿರುತ್ತೆ, ಎರರ್ ಕೂಡ ಕೊಡಲ್ಲ. ಒಂದು ಪೇಜಿನಲ್ಲಿ ಡೇಟಾ ಇರೋದು 08ರಿಂದ 7ಎಫ್‌ವರೆಗೆ. ಒಂದು ಬೈಕ್ವಾಡಿಗೆ ಐದು ಸಂಖ್ಯೆ (ಬಿ0, ಬಿ1, ಬಿ2, ಎ1, ಎ2), ತಲಾ ನಾಲ್ಕು ಬೈಟ್, ಒಟ್ಟು 20. 7ಎಫ್ ದಾಟಿದರೆ ಪೇಜ್ ಬದಲಿಸಿ 08ರಿಂದ ಮುಂದುವರಿಸಬೇಕು, ತಾನಾಗೇ ದಾಟಲ್ಲ.

ಕೋಎಫಿಶಿಯೆಂಟ್ ಫೈಲನ್ನು ಪ್ಯೂರ್‌ಪಾತ್ ಕನ್ಸೋಲ್ 3ರಿಂದ (ಚಿಪ್ ತಯಾರಕರದೇ ಸಾಫ್ಟ್‌ವೇರ್) ತೆಗೆದಿದ್ದರೆ ಅದರಲ್ಲಿ ವಿಳಾಸ 58 ಅಂತ ಇರುತ್ತೆ. ಅದು 8 ಬಿಟ್ ಲೆಕ್ಕ. ಆರ್ಡುಯಿನೊ ಲೈಬ್ರರಿಗೆ 7 ಬಿಟ್ ಬೇಕು, ಅದೇ 2ಸಿ. ಎರಡೂ ಒಂದೇ ಚಿಪ್, ಗಾಬರಿ ಬೇಡ.

ಕೈಯಲ್ಲೇ ಲೆಕ್ಕ ಹಾಕಿದ್ದರೆ ಈ ಮೂರು ನೋಡಿ:

ಬೈಕ್ವಾಡ್ ಸಂಖ್ಯೆಗಳು 5.27 ಮಾದರಿಯವು, ಪೂರ್ಣಾಂಕಕ್ಕೆ 5 ಬಿಟ್, ದಶಾಂಶ ಭಾಗಕ್ಕೆ 27. 1.0 ಅಂದರೆ 08 00 00 00, ದೊಡ್ಡ ಬೈಟ್ ಮೊದಲು. ಎ1, ಎ2 ಎರಡರ ಚಿಹ್ನೆ ತಿರುಗಿಸಬೇಕು. ಸಾಮಾನ್ಯ ಕ್ಯಾಲ್ಕುಲೇಟರ್ ಕೊಟ್ಟದ್ದನ್ನು ಹಾಗೇ ಹಾಕಿದರೆ ಫಿಲ್ಟರ್ ಅಂಕೆ ತಪ್ಪಿ ಕಿರುಚುತ್ತೆ.

ಇನ್‌ಪುಟ್ ಮಿಕ್ಸರ್ ಬೇರೆ, ಅದು 9.23. ಅಲ್ಲಿ 1.0 ಅಂದರೆ 00 80 00 00. ಎಡ-ಬಲ ಕೂಡಿಸಿ ಮಾನೊ ಮಾಡಲು ತಲಾ 0.5 ಬೇಕು, ಅದು 00 40 00 00. ಬೈಕ್ವಾಡ್ ಗುಂಗಿನಲ್ಲಿ 04 00 00 00 ಬರೆದಿರೋ, 0.5ರ ಬದಲು 8 ಆಯಿತು: ಸೊನ್ನೆಗಿಂತ 18 ಡೆಸಿಬೆಲ್ ಮೇಲೆ. ಇದಕ್ಕಿಂತ ಇಎಸ್‌ಪಿ32ರಲ್ಲೇ ಮಾನೊ ಮಾಡಿ ಮಿಕ್ಸರ್ ಮುಟ್ಟದೆ ಬಿಡೋದು ವಾಸಿ.

ನಾಲ್ಕನೇ ಆರ್ಡರ್ ಲಿಂಕ್‌ವಿಟ್ಜ್-ರೈಲಿ ಅಂದರೆ 0.707 ಕ್ಯೂ ಇರುವ ಎರಡು ಬೈಕ್ವಾಡ್ ಸಾಲಾಗಿ. ಚಾನಲ್ಲಿಗೆ 15 ಇವೆ, ಎರಡು ಹೋದರೆ 13 ಉಳಿಯುತ್ತವೆ. ಎಡ, ಬಲಕ್ಕೆ ಬೇರೆ ಬೇರೆ ಬೆಲೆ ಹಾಕುತ್ತಿದ್ದೀರಿ ಅನ್ನೋದು ನೆನಪಿರಲಿ. ಕನ್ಸೋಲ್‌ನಲ್ಲಿ ಎರಡೂ ಚಾನಲ್ ಜೋಡಿಯಾಗಿದ್ದರೆ ಮೊದಲು ಬಿಡಿಸಿ.

---

ಎರಡುದಾರಿ

ಕ್ರಮ ಬದಲಿಸಿದೆ, 37 ಈಗ ಸೊನ್ನೆ ಅಲ್ಲ, ಫಿಲ್ಟರ್ ಹತ್ತಿದ ಹಾಗಿದೆ. ಸರಿಯಾದ ಫ್ರೀಕ್ವೆನ್ಸಿಯಲ್ಲೇ ಹತ್ತಿದೆಯಾ ಅಂತ ಟ್ವೀಟರ್ ಹಾಕದೆ ಹೇಗೆ ತಿಳಿಯೋದು? ಕೋಎಫಿಶಿಯೆಂಟ್ 48 ಕಿಲೋಹರ್ಟ್ಜ್‌ಗೆ ಲೆಕ್ಕ ಹಾಕಿದ್ದು.

---

ಓಮ್ ನಿಯಮ

48ಕ್ಕೆ ಲೆಕ್ಕ ಹಾಕಿದ್ದೇ ಅನುಮಾನ. ಕೋಎಫಿಶಿಯೆಂಟಿನಲ್ಲಿ ಫ್ರೀಕ್ವೆನ್ಸಿ ಇರಲ್ಲ, ಸ್ಯಾಂಪ್ಲಿಂಗ್ ದರದ ಜೊತೆಗಿನ ಅನುಪಾತ ಮಾತ್ರ ಇರುತ್ತೆ. ನೀವು ಆರಿಸಿದ ಪ್ರೊಸೆಸ್ ಫ್ಲೋ (ಡಿಎಸ್‌ಪಿ ಕೆಲಸದ ಸಿದ್ಧ ಮಾದರಿ) ಒಳಗೆ 96ರಲ್ಲಿ ಓಡುತ್ತಿದ್ದರೆ ನಿಮ್ಮ 2.5 ಕಿಲೋಹರ್ಟ್ಜ್ 5 ಆಗಿರುತ್ತೆ. ಟ್ವೀಟರಿಗೆ ಅಪಾಯವಿಲ್ಲ, ಆದರೆ ವೂಫರ್ 5ರವರೆಗೆ ಕೂಗುತ್ತೆ. ಇನ್ನೊಂದು, ಬ್ಲೂಟೂತ್‌ನಲ್ಲಿ ಸಾಮಾನ್ಯವಾಗಿ ಬರೋದು 44.1. ಡಿಎಸ್‌ಪಿ ನಿಮ್ಮ ಕ್ಲಾಕ್ ಹಿಂದೆಯೇ ಹೋಗುವುದರಿಂದ 48ಕ್ಕೆ ಮಾಡಿದ ಫಿಲ್ಟರ್ ಸುಮಾರು 2.3ಕ್ಕೆ ಇಳಿಯುತ್ತೆ. ಟ್ವೀಟರಿನ ಕೆಳಮಿತಿಗೆ ತೀರಾ ಹತ್ತಿರ ಕ್ರಾಸ್ ಮಾಡಿದ್ದರೆ ಇದು ಮುಖ್ಯ.

ಅಳೆಯೋದು: ಬಲ ಚಾನಲ್‌ಗೆ ರೆಸಿಸ್ಟರ್ ಹಾಕಿ, ಫೋನಿನಿಂದ 10, 2.5 ಮತ್ತು 1 ಕಿಲೋಹರ್ಟ್ಜ್ ಸೈನ್ ಟೋನ್ ಒಂದೇ ಮಟ್ಟದಲ್ಲಿ ಕೊಡಿ. 10ಕ್ಕೆ ಹೋಲಿಸಿದರೆ 2.5ರಲ್ಲಿ 6 ಡೆಸಿಬೆಲ್ ಕಡಿಮೆ, 1ರಲ್ಲಿ 32 ಕಡಿಮೆ ಬರಬೇಕು. 2.5ರಲ್ಲೇ 24 ಡೆಸಿಬೆಲ್ ಆಸುಪಾಸು ಕುಸಿದಿದ್ದರೆ ದರ ದುಪ್ಪಟ್ಟಾಗಿದೆ, 96ಕ್ಕೆ ಲೆಕ್ಕ ಹಾಕಿ ಮತ್ತೆ ಬರೆಯಿರಿ. ಅಗ್ಗದ ಮಲ್ಟಿಮೀಟರ್ ಇಲ್ಲಿ ಆಗಲ್ಲ, ಮೇಲಿನ ಫ್ರೀಕ್ವೆನ್ಸಿಯಲ್ಲಿ ಸುಳ್ಳು ಹೇಳುತ್ತೆ, ಸಾಲದ್ದಕ್ಕೆ ಕ್ಲಾಸ್-ಡಿ ಸ್ವಿಚಿಂಗಿನ ಉಳಿಕೆಯೂ ಅದಕ್ಕೆ ಸೇರಿಕೊಳ್ಳುತ್ತೆ. ಸ್ಕೋಪ್ ಬೇಕು, ಎರಡು ಪ್ರೋಬ್ ಹಾಕಿ ಮ್ಯಾಥ್‌ನಲ್ಲಿ ಕಳೆಯಿರಿ. ಪ್ರೋಬಿನ ಗ್ರೌಂಡ್ ಕ್ಲಿಪ್ಪನ್ನು ಸ್ಪೀಕರ್ ಮೈನಸ್‌ಗೆ ಕಚ್ಚಿಸಿದರೆ ಔಟ್‌ಪುಟ್ ನೇರ ಗ್ರೌಂಡಿಗೆ ಶಾರ್ಟ್. ಈ ಚಿಪ್ಪಿನಲ್ಲಿ ಸ್ಪೀಕರಿನ ಪ್ಲಸ್, ಮೈನಸ್ ಎರಡೂ ಜೀವಂತ ವೈರುಗಳೇ.

ಹಳೆ ಬಾಕ್ಸಾದರೆ ಇದನ್ನೂ ನೋಡಿ: ಪ್ಯಾಸಿವ್ ಕ್ರಾಸ್‌ಓವರ್ ಬೋರ್ಡಿನಲ್ಲಿ ವೂಫರ್, ಟ್ವೀಟರ್ ಎರಡರ ಮೈನಸ್ ಒಂದೇ ಕಡೆ ಸೇರಿರುತ್ತೆ. ಅದನ್ನು ಪೂರ್ತಿ ತೆಗೆದು ನಾಲ್ಕು ವೈರು ಬೇರೆಬೇರೆ ಎಳೆಯಬೇಕು. ಮೂರು ವೈರಿನಲ್ಲಿ ಕೆಲಸ ಮುಗಿಸಿದರೆ ಎರಡು ಚಾನಲ್‌ಗಳ ಮೈನಸ್ ಶಾರ್ಟ್ ಆಗಿ ಓವರ್‌ಕರೆಂಟ್ ಫಾಲ್ಟ್ ಬೀಳುತ್ತೆ. ಆಗ 70ನೇ ರಿಜಿಸ್ಟರ್ ಓದಿದರೆ ಗೊತ್ತಾಗುತ್ತೆ. ತಪ್ಪು ಸರಿಪಡಿಸಿ 78ಕ್ಕೆ 80 ಬರೆದರೆ ಫಾಲ್ಟ್ ಅಳಿಯುತ್ತೆ.

ಟ್ವೀಟರ್ ಹಾಕುವಾಗ ಸಾಲಿನಲ್ಲಿ 22 ಮೈಕ್ರೊಫ್ಯಾರಡ್, 100 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಕಾಯಂ ಆಗಿ ಇಡಿ. 8 ಓಮಿಗೆ ಅದರ ಕಾರ್ನರ್ 900 ಹರ್ಟ್ಜ್, ಕ್ರಾಸ್‌ಓವರ್ ಅಷ್ಟಾಗಿ ಕೆಡಲ್ಲ. ಕೋಡ್ ಹ್ಯಾಂಗ್ ಆಗಿ ಫಿಲ್ಟರ್ ಇಲ್ಲದೆ ಎದ್ದ ದಿನ ಟ್ವೀಟರನ್ನು ಉಳಿಸೋದು ಅದೇ. ಡಿಎಸ್‌ಪಿ ಇದ್ದ ಮೇಲೆ ಕೆಪಾಸಿಟರ್ ಯಾಕೆ ಅನ್ನೋರ ಮಾತು ಕೇಳಬೇಡಿ.

---

ಮಂದ್ರಸ್ಥಾಯಿ

ಗೇನ್ ಬಗ್ಗೆ ಯಾರೂ ಹೇಳಿಲ್ಲ. ರಿಜಿಸ್ಟರ್ 54 ಅನಲಾಗ್ ಗೇನ್, 00 ಇದ್ದರೆ ಪೂರ್ತಿ ಸಿಗ್ನಲ್‌ಗೆ 29.5 ವೋಲ್ಟ್ ಪೀಕ್ ಕೊಡೋಕೆ ನೋಡುತ್ತೆ. ನಿಮ್ಮ ಅಡಾಪ್ಟರ್ 19. ಹಾಗೇ ಬಿಟ್ಟರೆ ಹಾಡಿನ ಮೇಲಿನ 4 ಡೆಸಿಬೆಲ್ ಬರೀ ಕ್ಲಿಪ್ಪಿಂಗ್. ಒಂದೊಂದು ಮೆಟ್ಟಿಲಿಗೆ ಅರ್ಧ ಡೆಸಿಬೆಲ್ ಇಳಿಯುತ್ತೆ, 08 ಬರೆದರೆ 4 ಇಳಿದು ಪೀಕ್ 18.6 ವೋಲ್ಟ್ ಆಗುತ್ತೆ. 12 ವೋಲ್ಟಿನಲ್ಲಿ ನಡೆಸುವವರು 10 (ಹೆಕ್ಸ್, ಅಂದರೆ 16 ಮೆಟ್ಟಿಲು) ಬರೆಯಿರಿ, 11.7 ಬರುತ್ತೆ. ಹಿಸ್ ಕೂಡ ಅಷ್ಟು ಕಡಿಮೆ.

ವಾಲ್ಯೂಮ್ 4ಸಿಯಲ್ಲಿ. ಅಲ್ಲಿ 30 ಅಂದರೆ ಸೊನ್ನೆ ಡೆಸಿಬೆಲ್, ಸಂಖ್ಯೆ ಏರಿದಷ್ಟೂ ಸದ್ದು ಇಳಿಯುತ್ತೆ. 00 ಬರೆದರೆ ಸದ್ದು ನಿಲ್ಲುತ್ತೆ ಅಂತ ತಿಳಿದರೆ ಕೆಟ್ಟಿರಿ, ಅದು 24 ಡೆಸಿಬೆಲ್ ಮೇಲೆ! ಪರೀಕ್ಷೆಗೆ 80 ಹಾಕಿ, 40 ಡೆಸಿಬೆಲ್ ಕೆಳಗೆ. ಟ್ವೀಟರ್ ಸಾಮಾನ್ಯವಾಗಿ ವೂಫರಿಗಿಂತ ಜೋರು, ಆ ವ್ಯತ್ಯಾಸವನ್ನು ಬಲ ಚಾನಲ್ಲಿನ ಒಂದು ಬೈಕ್ವಾಡಿನ ಬಿ0, ಬಿ1, ಬಿ2 ಮೂರನ್ನೂ ಒಂದೇ ಅಳತೆಯಲ್ಲಿ ಇಳಿಸಿ ಸರಿಮಾಡಿ.

---

ಎರಡುದಾರಿ

ದರ 96 ಕಡೆಗೇ ಇತ್ತು, 2.5ರಲ್ಲಿ 25 ಡೆಸಿಬೆಲ್ ಕುಸಿತ ಕಾಣಿಸಿತು. ಮತ್ತೆ ಲೆಕ್ಕ ಹಾಕಿ ಬರೆದೆ, ಈಗ 6 ಬರ್ತಿದೆ. ಉಳಿದಿರೋದು ಎರಡು: ಆಫ್ ಮಾಡುವಾಗ ಟಪ್ ಅನ್ನುತ್ತೆ, ಎರಡನೇ ಬಾಕ್ಸಿನ ಮಾಡ್ಯೂಲಿಗೂ 2ಸಿ ವಿಳಾಸವೇ ಇದೆ.

---

ಬೆಸುಗೆಕಡ್ಡಿ

ಟಪ್ ಬರೋದು ಪ್ಲೇಯಲ್ಲಿರುವಾಗಲೇ ಕ್ಲಾಕ್ ನಿಲ್ಲುವುದರಿಂದ. 03ಕ್ಕೆ 0ಬಿ ಬರೆದು ಮ್ಯೂಟ್ ಮಾಡಿ, 10 ಮಿಲಿಸೆಕೆಂಡ್ ಬಿಟ್ಟು 00 ಬರೆಯಿರಿ, ಆಮೇಲೆ ಐ2ಎಸ್ ನಿಲ್ಲಿಸಿ. ಹಾಡು ಪಾಸ್ ಆದಾಗ ಝುಂಯ್ ಅಂತ ಒಂದೇ ತುಂಡು ಸುತ್ತಿದರೆ ಐ2ಎಸ್ ಸೆಟ್ಟಿಂಗಿನಲ್ಲಿ ಟಿಎಕ್ಸ್ ಆಟೊ ಕ್ಲಿಯರ್ ಆನ್ ಮಾಡಿ, ಡೇಟಾ ಇಲ್ಲದಾಗ ಸೊನ್ನೆ ಹೋಗುತ್ತೆ.

ವಿಳಾಸ ಎಡಿಆರ್ ಪಿನ್ನಿನಿಂದ 3.3 ವೋಲ್ಟಿಗೆ ಹೋಗುವ ರೆಸಿಸ್ಟರ್ ಮೇಲಿದೆ: 4.7 ಕಿಲೋಓಮ್ ಇದ್ದರೆ 2ಸಿ, 15 ಇದ್ದರೆ 2ಡಿ, 47ಕ್ಕೆ 2ಇ, 120ಕ್ಕೆ 2ಎಫ್. ಎರಡನೇ ಮಾಡ್ಯೂಲಿನಲ್ಲಿ 4.7 ತೆಗೆದು 15 ಹಾಕಿ, 1 ಪರ್ಸೆಂಟಿನದು. ವಿಳಾಸ ಓದೋದು ಚಿಪ್ ಏಳುವಾಗ ಮಾತ್ರ, ಹಾಗಾಗಿ ರೆಸಿಸ್ಟರ್ ಬದಲಿಸಿದ ಮೇಲೆ ಪವರ್ ಪೂರ್ತಿ ತೆಗೆದು ಹಾಕಿ. ಎರಡು ಬಾಕ್ಸಾದ ಮೇಲೆ ಇಎಸ್‌ಪಿ32ರ ಮಾನೊ ತೆಗೆದುಬಿಡಿ. ಆಗ ಒಂದೊಂದು ಮಾಡ್ಯೂಲಿನ ಮಿಕ್ಸರಿನಲ್ಲೇ ಎಡ ಅಥವಾ ಬಲವನ್ನು ಎರಡೂ ಔಟ್‌ಪುಟ್‌ಗೆ ಕಳಿಸಬೇಕು, ಅಲ್ಲಿ 00 80 00 00 ಸಾಕು, ಅರ್ಧ ಮಾಡೋದು ಬೇಡ.